ಮೊದಲ ವಿದೇಶ ಪ್ರವಾಸ: ಒಂದು ದೇಶ, ಎರಡು ಊರು ಸಾಕು

‘ಐದು ದಿನ, ಮೂರು ದೇಶ’ ಎಂಬ ಜಾಹೀರಾತು ಈಗ ವಾಟ್ಸ್‌ಆ್ಯಪ್ ಹಿಡಿದು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನವರೆಗೂ ಬಂದಿದೆ. ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕ ವರ್ಷವೋ, ಮಗಳ ಮದುವೆ ಮುಗಿದು ಕೈ ಬಿಡುವಾದಾಗಲೋ, ನಿವೃತ್ತಿಯ ಹಣ ಬಂದಾಗಲೋ ‘ಒಂದ್ಸಲ ಫಾರಿನ್ ನೋಡ್ಕೊಂಡು ಬಂದುಬಿಡೋಣ’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆಮೇಲೆ ಎರಡರಲ್ಲಿ ಒಂದಾಗುತ್ತದೆ. ಕಾಗದಪತ್ರದ ಭಯಕ್ಕೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇಲ್ಲವೇ ಬೆಳಗಿನ ಆರಕ್ಕೆ ಎಬ್ಬಿಸಿ ರಾತ್ರಿ ಹತ್ತಕ್ಕೆ ಮಲಗಿಸುವ ಪ್ಯಾಕೇಜಿಗೆ ದುಡ್ಡು ಕಟ್ಟಿ, ಕಾಲು ಊದಿಸಿಕೊಂಡು ವಾಪಸು ಬರುತ್ತಾರೆ. ಇವೆರಡಕ್ಕೂ ನಡುವೆ ಒಂದು ದಾರಿಯಿದೆ. ಈ ಲೇಖನ ಆ ದಾರಿಯದು.

ಹಿಂದೆ ಹಾಸನ ಜಿಲ್ಲೆಯವರು ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೇ ಓಡಬೇಕಿತ್ತು. 2017ರಿಂದ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ಶುರುವಾಗಿ ಹಾಸನಕ್ಕೂ ಒಂದು ಕೇಂದ್ರ ಬಂತು. ಅದೇ ವರ್ಷ ಹಾಸನ–ಬೆಂಗಳೂರು ನೇರ ರೈಲು ಮಾರ್ಗವೂ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೂಲಕ ಓಡತೊಡಗಿತು. ದೂರದ ಮಾತು ಈಗ ನೆಪವಷ್ಟೆ.

ಅವಸರ ಮಾಡಿದರೆ ಕಳೆದುಕೊಳ್ಳುವುದೇನು?

ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಬೆಂಗಳೂರಿನ ಬಸ್ಸುಗಳನ್ನು ನಾವು ದಿನಾ ನೋಡುತ್ತೇವೆ. ಹಳೇಬೀಡಿನಲ್ಲಿ ಇಳಿದವರು ಗೋಡೆಯ ಒಂದು ಸುತ್ತೂ ಪೂರ್ತಿ ಹಾಕಿರುವುದಿಲ್ಲ, ಅಷ್ಟರಲ್ಲಿ ಹಾರನ್. 1246ರಲ್ಲಿ ಕಟ್ಟಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ನಮ್ಮ ತಾಲ್ಲೂಕಿನಲ್ಲೇ ಇದೆ ಎಂಬುದು ಆ ಬಸ್ಸಿನವರಿಗೆ ಗೊತ್ತೇ ಆಗುವುದಿಲ್ಲ. ಅವರನ್ನು ನೋಡಿ ನಗುವ ನಾವೇ ವಿದೇಶಕ್ಕೆ ಹೋದಾಗ ಅಂಥದೇ ಬಸ್ ಹತ್ತುತ್ತೇವೆ.

ಲೆಕ್ಕ ಹಾಕಿ ನೋಡಿ. ಹೋಟೆಲುಗಳು ಸಾಮಾನ್ಯವಾಗಿ ಬೆಳಿಗ್ಗೆ 11 ಅಥವಾ 12ಕ್ಕೆ ಕೋಣೆ ಖಾಲಿ ಮಾಡಿಸುತ್ತವೆ, ಹೊಸ ಕೋಣೆ ಕೊಡುವುದು ಮಧ್ಯಾಹ್ನ 2ರ ನಂತರ. ಗಂಟುಮೂಟೆ ಕಟ್ಟುವುದು, ಪ್ರಯಾಣ, ಮತ್ತೆ ಬಿಚ್ಚುವುದು ಎಲ್ಲ ಸೇರಿದರೆ ಊರು ಬದಲಿಸಿದ ಪ್ರತಿ ಸಲವೂ ಅರ್ಧ ದಿನ ಹೋಯಿತು. ಆರು ದಿನದಲ್ಲಿ ನಾಲ್ಕು ಸಲ ಬದಲಿಸಿದರೆ ಎರಡು ದಿನ ಸೂಟ್‌ಕೇಸಿಗೇ ಕೊಟ್ಟಂತೆ. ಅದರ ಮೇಲೆ ಮೊದಲ ಸಲ ಹೋಗುವವರಿಗೆ ಎಲ್ಲವೂ ಹೊಸದು: ಇಮಿಗ್ರೇಷನ್ ಸಾಲು, ಬೇರೆ ನೋಟು, ಬೇರೆ ಸಿಮ್, ತಿಳಿಯದ ಭಾಷೆ. ಒಂದೊಂದೂ ಸ್ವಲ್ಪ ಸ್ವಲ್ಪ ಶಕ್ತಿ ಹೀರುತ್ತದೆ. ಸುಸ್ತಾದವರ ಕಣ್ಣಿಗೆ ಯಾವ ಊರೂ ಚೆಂದ ಕಾಣುವುದಿಲ್ಲ. ಅದಕ್ಕೇ ಮೊದಲ ಪ್ರವಾಸಕ್ಕೆ ಒಂದೇ ದೇಶ, ಅದರಲ್ಲಿ ಎರಡೇ ಊರು ಎನ್ನುವುದು.

ಯಾವ ದೇಶ?

ನೇಪಾಳ, ಭೂತಾನ್‌ಗಳಿಗೆ ಭಾರತೀಯರಿಗೆ ಪಾಸ್‌ಪೋರ್ಟೇ ಕಡ್ಡಾಯವಲ್ಲ, ಚುನಾವಣಾ ಗುರುತಿನ ಚೀಟಿಯಲ್ಲೂ ಹೋಗಬಹುದು. ಆಧಾರ್ ಮಾತ್ರ ಹಿಡಿದು ಹೊರಟರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ, ನೆನಪಿರಲಿ. ಭೂತಾನಿನಲ್ಲಿ ಭಾರತೀಯ ಪ್ರವಾಸಿಗರು ತಲೆಗೆ, ರಾತ್ರಿಗೆ 1,200 ರೂಪಾಯಿಯ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ನಾಲ್ಕು ಜನರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಥಾಯ್ಲೆಂಡ್, ಸಿಂಗಪುರ ಚೆಂದವೇ, ಆದರೆ ನಾಲ್ಕು ಗಂಟೆಯ ಆಸುಪಾಸಿನ ಹಾರಾಟ, ಗಡಿಯಾರದ ಬದಲಾವಣೆ, ಸಸ್ಯಾಹಾರಿಗಳಿಗೆ ಊಟದ ಹುಡುಕಾಟ ಇದ್ದೇ ಇರುತ್ತವೆ.

ನನ್ನ ಓಟು ಶ್ರೀಲಂಕಾಕ್ಕೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಹಾರಾಟ ಸುಮಾರು ಒಂದೂವರೆ ಗಂಟೆ. ಗಡಿಯಾರ ನಮ್ಮದೇ. ಅನ್ನ, ತೆಂಗಿನಕಾಯಿ, ಶಾವಿಗೆಯಂಥ ಇಡಿಯಾಪ್ಪ ಎಲ್ಲೆಡೆ ಸಿಗುತ್ತವೆ. ಕುರಕ್ಕನ್ ಎಂಬ ಹೆಸರಿನಲ್ಲಿ ನಮ್ಮ ರಾಗಿಯೂ ಅಲ್ಲಿದೆ, ರೊಟ್ಟಿ, ಪಿಟ್ಟುಗಳಾಗಿ. ಊರು ಬಿಟ್ಟು ಇರಲಾರೆ ಎನ್ನುವ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾದ ವಿದೇಶ ಅದು.

ಹೋಗುವ ಕಾಲವೂ ನಮ್ಮ ಬೇಸಾಯಕ್ಕೆ ಹೊಂದುತ್ತದೆ. ಕೊಲಂಬೊ, ಗಾಲೆ, ಕ್ಯಾಂಡಿ ಇರುವ ನೈರುತ್ಯ ಭಾಗಕ್ಕೆ ಮೇನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್, ನವೆಂಬರ್‌ನಲ್ಲೂ ಮಳೆ. ಅಲ್ಲಿ ಹಸನಾದ ಬಿಸಿಲು ಕಾಣುವುದು ಜನವರಿಯಿಂದ ಮಾರ್ಚ್‌ವರೆಗೆ. ರಾಗಿ ಕಣ ಮುಗಿಸಿ, ಸಂಕ್ರಾಂತಿ ಕಳೆದು, ಯುಗಾದಿಗೆ ಮುಂಚೆ ಹೋಗಿ ಬಂದರೆ ಸರಿ. ದಸರಾ ರಜೆಗೆ ಹೋಗುವವರು ಕೊಡೆ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್: ಕಷ್ಟ ಇರುವುದು ಹೆಸರಿನಲ್ಲಿ

ವಯಸ್ಕರ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ಅವಧಿ 10 ವರ್ಷ. ತತ್ಕಾಲ್ ಆದರೆ ಇನ್ನೂ 2,000 ಹೆಚ್ಚು. ಅರ್ಜಿ ಆನ್‌ಲೈನ್‌ನಲ್ಲಿ, ದಿನ ಗೊತ್ತು ಮಾಡಿಕೊಂಡು ಹಾಸನದ ಕೇಂದ್ರಕ್ಕೆ ಮೂಲ ದಾಖಲೆಗಳೊಂದಿಗೆ ಹೋಗುವುದು, ಆಮೇಲೆ ಪೊಲೀಸ್ ಪರಿಶೀಲನೆ. ಇಷ್ಟೇ. ನಮ್ಮ ಕಡೆಯವರು ಎಡವುವುದು ಬೇರೆ ಕಡೆ.

1. ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಹೆಸರಿನ ಅಕ್ಷರ ಹೋಲಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ.ಕೆ.’, ಆಧಾರ್‌ನಲ್ಲಿ ‘ಮಂಜುನಾಥ್’, ಪ್ಯಾನ್‌ನಲ್ಲಿ ‘ಬಿ. ಕೆ. ಮಂಜುನಾಥ ಗೌಡ’ ಎಂದಿದ್ದರೆ ಮೊದಲು ಆಧಾರ್, ಪ್ಯಾನ್ ಸರಿಪಡಿಸಿಕೊಳ್ಳಿ, ಆಮೇಲೆ ಅರ್ಜಿ.

2. ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಲಂ ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಬರುತ್ತದೆ, ನಿಜ. ಆದರೆ ಒಂಟಿ ಹೆಸರಿನ ಪ್ರವಾಸಿಗರ ಮೇಲೆ ಯುಎಇ 2022ರಲ್ಲಿ ನಿರ್ಬಂಧ ಹೇರಿತು. ಇವತ್ತು ಲಂಕೆಗೆ ಹೋಗುವವರು ನಾಳೆ ದುಬೈಗೆ ಹೊರಡಬಹುದು. ದಾಖಲೆಗೆ ಹೊಂದುವಂತೆ ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಲಿ.

3. ವಾಸ ಬೆಂಗಳೂರಿನ ಪೀಣ್ಯದಲ್ಲಿ, ವಿಳಾಸ ಮಾತ್ರ ಬಾಗೂರಿನದು ಎಂಬಂತೆ ಕೊಡಬೇಡಿ. ಪೊಲೀಸರು ಬಂದಾಗ ‘ಅವರು ಇಲ್ಲಿ ಇರೋದಿಲ್ಲ ಸಾರ್’ ಎಂದು ಪಕ್ಕದ ಮನೆಯವರು ಸತ್ಯ ನುಡಿದರೆ ನಿಮ್ಮ ಕಡತ ನಿಲ್ಲುತ್ತದೆ. ಈಗ ಎಲ್ಲಿ ಇದ್ದೀರೋ ಅದೇ ವಿಳಾಸ ಕೊಡಿ.

4. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗಕ್ಕೆ ಸೇರುತ್ತದೆ. 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ವಿನಾಯಿತಿ ಇದೆ. ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವವರ ರಕ್ಷಣೆಗೆಂದು ಮಾಡಿದ ನಿಯಮವಿದು. ಶ್ರೀಲಂಕಾ ಆ ಪಟ್ಟಿಯಲ್ಲಿಲ್ಲ.

ಪಾಸ್‌ಪೋರ್ಟ್ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ, ಯಾರು ಎಷ್ಟು ಅಗ್ಗ ಎಂದರೂ. ಪ್ರಯಾಣಕ್ಕೆ ಮೂರ್ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿದರೆ ಈ ಓಟವೇ ಇರುವುದಿಲ್ಲ. ಹಳೆಯ ಪಾಸ್‌ಪೋರ್ಟ್ ಇದ್ದವರು ಅವಧಿ ಇನ್ನೂ ಆರು ತಿಂಗಳಾದರೂ ಇದೆಯೇ ನೋಡಿಕೊಳ್ಳಿ.

ಶ್ರೀಲಂಕಾಕ್ಕೆ ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಅದರ ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ. ಆ ದೇಶದ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ನೋಡಿ, ಅಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೇಲೆ ಕಾಣುವುದೆಲ್ಲ ಸರ್ಕಾರದ್ದಲ್ಲ. ಅದೇ ಕೆಲಸಕ್ಕೆ ದುಪ್ಪಟ್ಟು ಕೀಳುವ ತಾಣಗಳು ಬೇಕಾದಷ್ಟಿವೆ.

ಆರು ರಾತ್ರಿಯ ಒಂದು ನಕ್ಷೆ

ಮೂರು ರಾತ್ರಿ ಕ್ಯಾಂಡಿ, ಮೂರು ರಾತ್ರಿ ಗಾಲೆ. ಒಂದು ಬೆಟ್ಟದ ಊರು, ಒಂದು ಕಡಲ ಊರು. ಕೊಲಂಬೊದ ವಿಮಾನ ನಿಲ್ದಾಣ ಇರುವುದು ನಗರದಲ್ಲಲ್ಲ, ಉತ್ತರಕ್ಕೆ ಕಟುನಾಯಕದಲ್ಲಿ. ಬೆಳಿಗ್ಗೆ ಇಳಿದರೆ ಸೀದಾ ಕ್ಯಾಂಡಿಗೆ, ರಸ್ತೆಯಲ್ಲಿ ಮೂರು ಗಂಟೆಯ ದಾರಿ. ರಾತ್ರಿ ಇಳಿದರೆ ಪಕ್ಕದ ನೆಗೊಂಬೊದಲ್ಲಿ ಮಲಗಿ ಬೆಳಿಗ್ಗೆ ಹೊರಡಿ. ಗೊತ್ತಿಲ್ಲದ ದೇಶದಲ್ಲಿ ಮೊದಲ ರಾತ್ರಿಯೇ ಘಾಟಿ ರಸ್ತೆ ಬೇಡ.

ಕ್ಯಾಂಡಿಗೆ ಬಂದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ಕೆರೆಯ ದಂಡೆಯ ಮೇಲೆ ಒಂದು ಸುತ್ತು, ಊಟ, ನಿದ್ದೆ. ಎರಡನೇ ದಿನ ಬೆಳಿಗ್ಗೆ ಪೆರಾದೆನಿಯದ ರಾಜೋದ್ಯಾನ, ಸಂಜೆ ಪೂಜೆಯ ಹೊತ್ತಿಗೆ ಬುದ್ಧನ ದಂತ ಮಂದಿರ. ಮೂರನೇ ದಿನಕ್ಕೆ ಒಂದೇ ಒಂದು ಹೊರ ಪ್ರಯಾಣ: ಸಿಗಿರಿಯ ಬಂಡೆಕೋಟೆ, ಅಥವಾ ಚಹಾ ತೋಟಗಳ ನುವರ ಎಲಿಯ ಮತ್ತು ಅಲ್ಲಿಯ ಸೀತಾ ದೇವಾಲಯ. ಎರಡೂ ಬೇಕೆಂಬ ಆಸೆಯೇ ಪ್ರವಾಸ ಕೆಡಿಸುವುದು. ಸಿಗಿರಿಯಕ್ಕೆ ಸುಮಾರು 1,200 ಮೆಟ್ಟಿಲು. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರು ಚಿಲ್ಲರೆ ಮೆಟ್ಟಿಲಿಗೇ ಕೂತು ಕೂತು ಹತ್ತುವವರು ನುವರ ಎಲಿಯ ಆರಿಸಿಕೊಳ್ಳಲಿ. ಕೆಲವು ಸ್ಮಾರಕಗಳಲ್ಲಿ ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ. ಪಾಸ್‌ಪೋರ್ಟ್ ತೋರಿಸಿ ಕೇಳಿ. ಕೇಳದಿದ್ದರೆ ಪೂರ್ತಿ ದರವೇ.

ನಾಲ್ಕನೇ ದಿನ ಪ್ರಯಾಣ. ಕ್ಯಾಂಡಿಯಿಂದ ಕೊಲಂಬೊ, ಅಲ್ಲಿಂದ ಕಡಲಿಗೆ ಅಂಟಿಕೊಂಡೇ ಓಡುವ ರೈಲಿನಲ್ಲಿ ಗಾಲೆ. ಒಂದು ಎಚ್ಚರಿಕೆ: 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಲಂಕೆಯ ಬೆಟ್ಟ ಸೀಮೆಯ ರಸ್ತೆ, ರೈಲು ಹಳಿಗಳಿಗೆ ದೊಡ್ಡ ಹೊಡೆತ ಕೊಟ್ಟಿತು. ಯಾವ ರೈಲು ಓಡುತ್ತಿದೆ, ಯಾವುದಿಲ್ಲ ಎಂದು ಹೋಟೆಲಿನವರನ್ನು ಕೇಳಿಯೇ ಯೋಜನೆ ಮಾಡಿ. ಕಾರಾದರೆ ನಾಲ್ಕೈದು ಗಂಟೆ ಇಟ್ಟುಕೊಳ್ಳಿ.

ಗಾಲೆಯ ಕೋಟೆ ಪೋರ್ಚುಗೀಸರು ಶುರು ಮಾಡಿ ಡಚ್ಚರು ಬೆಳೆಸಿದ್ದು. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕೋಟೆಯೊಳಗೆ ಇವತ್ತಿಗೂ ಜನ ವಾಸವಿದ್ದಾರೆ, ಶಾಲೆಯಿದೆ, ಮಸೀದಿಯಿದೆ, ಚರ್ಚಿದೆ. ಸಂಜೆ ಕೋಟೆ ಗೋಡೆಯ ಮೇಲೆ ನಡೆಯಲು ಟಿಕೆಟ್ ಇಲ್ಲ. ಒಂದು ದಿನ ಹತ್ತಿರದ ಉನವಟುನ ಕಡಲ ತೀರ. ಇನ್ನೊಂದು ದಿನ ಖಾಲಿ.

ಈ ಖಾಲಿ ದಿನವನ್ನು ಯಾವ ಕಾರಣಕ್ಕೂ ತುಂಬಬೇಡಿ. ಬಟ್ಟೆ ಒಗೆಯಿರಿ, ಸಂತೆಗೆ ಹೋಗಿ ತರಕಾರಿ ರೇಟು ವಿಚಾರಿಸಿ, ಮಧ್ಯಾಹ್ನ ಮಲಗಿ. ಮಳೆ ಬಂದು ಒಂದು ದಿನ ಕೆಟ್ಟರೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ, ಆ ದಿನದ ಕೆಲಸ ಇಲ್ಲಿಗೆ ಸರಿಯುತ್ತದೆ. ಏನೂ ಕೆಡದಿದ್ದರೆ ಪ್ರವಾಸದ ಅತ್ಯುತ್ತಮ ದಿನ ಅದೇ ಆಗಿರುತ್ತದೆ.

ವಾಪಸು ವಿಮಾನ ಬೆಳಗಿನ ಜಾವದ್ದಾದರೆ ಕೊನೆಯ ರಾತ್ರಿ ಗಾಲೆಯ ಬದಲು ನೆಗೊಂಬೊ.

ದುಡ್ಡು ಹೇಗೆ ಒಯ್ಯಬೇಕು?

ಒಂದೇ ಜೇಬಿನಲ್ಲಿ ಎಲ್ಲ ಹಣ ಬೇಡ ಎಂಬ ಅಜ್ಜನ ಬುದ್ಧಿ ಇಲ್ಲಿಯೂ ಸರಿ. ಸ್ವಲ್ಪ ಡಾಲರ್ ನೋಟು, ಒಂದು ಫಾರೆಕ್ಸ್ ಕಾರ್ಡ್, ಒಂದು ಬ್ಯಾಂಕ್ ಕಾರ್ಡ್. ಡಾಲರನ್ನು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರಲ್ಲೇ ಕೊಂಡು ರಸೀದಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ. ನಮ್ಮ ರೂಪಾಯಿ ನೋಟನ್ನು ತಲೆಗೆ 25,000ದವರೆಗೆ ಮಾತ್ರ ದೇಶದಿಂದ ಹೊರಗೆ ಒಯ್ಯಬಹುದು.

ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆ ತಾನಾಗಿ ಚಾಲೂ ಇರುವುದಿಲ್ಲ. ಹೊರಡುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ಚಾಲೂ ಮಾಡಿ, ಮಿತಿ ಹಾಕಿ. ಅಂಗಡಿಯ ಯಂತ್ರ ‘ಭಾರತದ ರೂಪಾಯಿಯಲ್ಲಿ ಕೊಡುತ್ತೀರಾ, ಶ್ರೀಲಂಕಾ ರೂಪಾಯಿಯಲ್ಲಾ?’ ಎಂದು ಕೇಳಿದರೆ ಎರಡನೆಯದನ್ನೇ ಒತ್ತಿ. ನಮ್ಮ ರೂಪಾಯಿ ಎಂದ ಕೂಡಲೇ ಆ ಯಂತ್ರದವನು ತನಗೆ ಬೇಕಾದ ದರ ಹಾಕಿಕೊಳ್ಳುತ್ತಾನೆ. ಯುಪಿಐ 2024ರ ಫೆಬ್ರವರಿಯಿಂದ ಶ್ರೀಲಂಕಾದಲ್ಲೂ ಇದೆ, ಆದರೆ ಎಲ್ಲ ಅಂಗಡಿಯಲ್ಲಿ ಅಲ್ಲ. ಅದನ್ನೇ ನಂಬಿ ಕೂರಬೇಡಿ.

ಒಟಿಪಿ ಬರುವುದು ನಿಮ್ಮ ಊರಿನ ನಂಬರಿಗೆ. ಅಲ್ಲಿಯ ಸಿಮ್ ಕೊಂಡರೂ ಹಳೆಯ ಸಿಮ್ಮನ್ನು ರೋಮಿಂಗ್ ಹಾಕಿಸಿ ಫೋನಿನಲ್ಲೇ ಇಟ್ಟಿರಿ. ಡೇಟಾ ಮಾತ್ರ ಬಂದ್ ಮಾಡಿ, ಇಲ್ಲದಿದ್ದರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ಪ್ಯಾಕೇಜಿನಲ್ಲಿ ಹೋಗುವವರಿಂದ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ, ರಿಟರ್ನ್ಸ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸು ಪಡೆಯಬಹುದು.

ಪ್ರವಾಸ ವಿಮೆ ಮಾಡಿಸಿ. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ವಿಮೆ ಕೈಕೊಡುತ್ತದೆ. ಆಯುಷ್ಮಾನ್ ಕಾರ್ಡು ವಿದೇಶದಲ್ಲಿ ನಡೆಯುವುದಿಲ್ಲ. ಔಷಧಿ ಬೇಕಾದ್ದಕ್ಕಿಂತ ಎರಡು ದಿನ ಹೆಚ್ಚು, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲೇ ಇರಲಿ. ಅಲ್ಲಿ ಆ್ಯಂಬುಲೆನ್ಸಿಗೆ 1990, ಪೊಲೀಸರಿಗೆ 119. ಕೊಲಂಬೊದಲ್ಲಿ ಭಾರತದ ಹೈಕಮಿಷನ್, ಕ್ಯಾಂಡಿಯಲ್ಲಿ ಸಹಾಯಕ ಹೈಕಮಿಷನ್ ಇವೆ.

ಮನೆಯ ಏರ್ಪಾಡು

ಪ್ರವಾಸದ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಹಸು ಯಾರು ಕರೆಯುತ್ತಾರೆ, ಡೈರಿಗೆ ಹಾಲು ಯಾರು ಹಾಕುತ್ತಾರೆ, ತ್ರೀ ಫೇಸ್ ಕರೆಂಟು ಬಂದಾಗ ತೋಟದ ಮೋಟರು ಯಾರು ಹಾಕುತ್ತಾರೆ? ಇದು ಗಟ್ಟಿಯಾಗದಿದ್ದರೆ ಕ್ಯಾಂಡಿಯ ಕೆರೆ ದಂಡೆಯ ಮೇಲೆ ನಿಂತೂ ನೀವು ಫೋನಿನಲ್ಲೇ ಇರುತ್ತೀರಿ. ಅಣ್ಣತಮ್ಮಂದಿರಲ್ಲೋ ಭಾವಮೈದುನನಲ್ಲೋ ಒಬ್ಬರಿಗೆ ವಾರ ಮುಂಚೆಯೇ ಕೆಲಸ ಒಪ್ಪಿಸಿ, ಎರಡು ದಿನ ಅವರ ಕೈಯಲ್ಲೇ ಮಾಡಿಸಿ ನೋಡಿ. ಮನೆಗೆ ಫೋನು ದಿನಕ್ಕೆ ಒಂದೇ ಸಲ, ರಾತ್ರಿ ಊಟದ ನಂತರ ಎಂದು ಮಾತಾಗಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ತಾರೀಖಿನ ತಪ್ಪು. ಟಿಕೆಟ್ಟಿನಲ್ಲಿ ‘14ನೇ ತಾರೀಖು, 00:40’ ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು 13ರ ರಾತ್ರಿ ಒಂಬತ್ತೂವರೆಗೆ. 14ರ ಸಂಜೆ ಆರಾಮಾಗಿ ಹೊರಟು ವಿಮಾನ ಕಳೆದುಕೊಳ್ಳುವವರು ಓದು ಬಲ್ಲವರಲ್ಲೂ ಇದ್ದಾರೆ.

ದಾರಿಯ ತಪ್ಪು. ಚನ್ನರಾಯಪಟ್ಟಣದಿಂದ ಬೆಂಗಳೂರಿಗೇ ಸುಮಾರು 145 ಕಿಲೋಮೀಟರ್, ವಿಮಾನ ನಿಲ್ದಾಣ ನಗರದ ಇನ್ನೊಂದು ತುದಿ. ಕಾರಿನಲ್ಲಿ ಹೋಗುವವರು ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗ ಹಿಡಿದರೆ ನಗರದೊಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತವೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಿ.

ಫೋನನ್ನೇ ನಂಬುವ ತಪ್ಪು. ಇಮಿಗ್ರೇಷನ್‌ನಲ್ಲಿ ಕೇಳುವುದು ಎಲ್ಲಿಗೆ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ವಾಪಸು ಟಿಕೆಟ್ ಇದೆಯೇ ಎಂಬ ಸಾದಾ ಪ್ರಶ್ನೆಗಳು. ಹೋಟೆಲ್, ಟಿಕೆಟ್, ಇಟಿಎ ಪ್ರತಿಗಳನ್ನು ಕಾಗದದಲ್ಲಿ ಇಟ್ಟುಕೊಂಡರೆ ತಡಕಾಟವಿಲ್ಲ. ಇಡೀ ಕುಟುಂಬದ ಪಾಸ್‌ಪೋರ್ಟನ್ನು ಒಬ್ಬರೇ ಇಟ್ಟುಕೊಳ್ಳುವುದು ನಮ್ಮ ಮನೆಗಳ ಚಾಳಿ. ದೊಡ್ಡವರು ಅವರವರದನ್ನು ಅವರವರೇ ಇಟ್ಟುಕೊಳ್ಳಲಿ.

ಊಟದ ತಪ್ಪು. ‘ವೆಜಿಟೇರಿಯನ್’ ಎಂದರೆ ಸಾಲದು. ಅಲ್ಲಿಯ ಕಾಯಿ ಚಟ್ನಿ, ಪೋಲ್ ಸಂಬೋಲದಲ್ಲೂ ಉಂಬಲಕಡ ಎಂಬ ಒಣ ಮೀನಿನ ಪುಡಿ ಬೀಳುವುದುಂಟು. ‘ಮೀನೂ ಬೇಡ’ ಎಂದು ಬಿಡಿಸಿ ಹೇಳಿ. ತಮಿಳರು ನಡೆಸುವ ಸೈವ ಹೋಟೆಲುಗಳಲ್ಲಿ ಈ ಚಿಂತೆಯಿಲ್ಲ, ಇಡ್ಲಿ ದೋಸೆಯೂ ಸಿಗುತ್ತದೆ.

ದೇವಸ್ಥಾನದ ತಪ್ಪು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದನ್ನು ಅಲ್ಲಿ ಅವಮಾನ ಎಂದೇ ಎಣಿಸುತ್ತಾರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಮದ್ಯ ಮಾರುವಂತಿಲ್ಲ. ಪಂಚಾಂಗ ನೋಡಿ ದಿನ ಆರಿಸುವವರಿಗೆ ಇದು ಸುಲಭ.

ಪ್ಯಾಕೇಜು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ವಯಸ್ಸಾದ ತಂದೆತಾಯಿ ಮಾತ್ರ ಹೋಗುವುದಾದರೆ ಅಡುಗೆಯವರೂ ಕನ್ನಡ ಬಲ್ಲ ಮಾರ್ಗದರ್ಶಿಯೂ ಇರುವ ತಂಡವೇ ಲೇಸು. ದುಡ್ಡು ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿ: ಎಷ್ಟು ಸಲ ಹೋಟೆಲ್ ಬದಲಾಗುತ್ತದೆ? ಬೆಳಿಗ್ಗೆ ಎಷ್ಟಕ್ಕೆ ಹೊರಡಿಸುತ್ತೀರಿ? ಉತ್ತರ ‘ದಿನಾ’, ‘ಆರಕ್ಕೆ’ ಎಂದಾದರೆ ಇನ್ನೊಬ್ಬರನ್ನು ವಿಚಾರಿಸಿ.

ತೆಂಗಿನವರಿಗೆ ಎರಡು ಮಾತು

ಬಾಗೂರಿನಿಂದ ಹೊರಡುವವರ ಚೀಲದಲ್ಲಿ ಕೊಬ್ಬರಿ ಗಿಟುಕು ಇಲ್ಲದಿರುವುದು ಅಪರೂಪ. ವಿಮಾನದಲ್ಲಿ ಅದು ನಿಷಿದ್ಧ. ಎಣ್ಣೆ ಹೆಚ್ಚಿರುವ ಕೊಬ್ಬರಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ; ತಪಾಸಣೆಯಲ್ಲಿ ಚೀಲ ಬಿಚ್ಚಿಸಿ ತೆಗೆಸುತ್ತಾರೆ. ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ ಒಯ್ಯಿರಿ. ಉಪ್ಪಿನಕಾಯಿ, ತುಪ್ಪ ದೊಡ್ಡ ಚೀಲಕ್ಕೆ; ಪವರ್ ಬ್ಯಾಂಕ್ ಕೈಚೀಲಕ್ಕೆ ಮಾತ್ರ.

ನೆಗೊಂಬೊದಿಂದ ಉತ್ತರಕ್ಕೆ ಹರಡಿರುವುದು ಲಂಕೆಯ ತೆಂಗಿನ ಸೀಮೆ. ಲುನುವಿಲದಲ್ಲಿ ಅಲ್ಲಿಯ ತೆಂಗು ಸಂಶೋಧನಾ ಸಂಸ್ಥೆಯಿದೆ. ಮೊದಲೇ ಬರೆದು ಅನುಮತಿ ಕೇಳಿ ನೋಡಬಹುದು, ಆಸಕ್ತ ಬೆಳೆಗಾರರಿಗೆ ಅರ್ಧ ದಿನ ಅಲ್ಲಿ ಕಳೆದದ್ದು ಸಿಗಿರಿಯಕ್ಕಿಂತ ಹೆಚ್ಚು ದಕ್ಕೀತು. ರಸ್ತೆ ಬದಿಯಲ್ಲಿ ಕಿತ್ತಳೆ ಬಣ್ಣದ ತಂಬಿಲಿ ಎಳನೀರು ಮಾರುತ್ತಾರೆ. ಕುಡಿದವರಿಗೆ ಒಂದು ಕಾಯಿಯನ್ನು ಬಿತ್ತನೆಗೆ ಒಯ್ಯಬೇಕು ಅನ್ನಿಸುವುದು ಸಹಜ. ದಯವಿಟ್ಟು ಬೇಡ. ಅನುಮತಿಯಿಲ್ಲದೆ ಬಿತ್ತನೆ ಕಾಯಿ, ಸಸಿ ತರುವುದನ್ನು 2003ರ ಸಸ್ಯ ಕ್ವಾರಂಟೈನ್ ಆದೇಶ ತಡೆಯುತ್ತದೆ. ಕಾನೂನಿನ ಮಾತು ಹಾಗಿರಲಿ, ನಮ್ಮ ತೋಟಗಳ ಕಾಯಿಯನ್ನು ಸೊರಗಿಸಿದ ನುಸಿ ಪೀಡೆ ಈ ನೆಲದ್ದಲ್ಲ. ಮೆಕ್ಸಿಕೊದಲ್ಲಿ ಮೊದಲು ಗುರುತಿಸಿದ ಆ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಇಲ್ಲಿಯವರೆಗೆ ಬಂತು. ತಂಬಿಲಿಯನ್ನು ಅಲ್ಲೇ ಕುಡಿದು ಬನ್ನಿ.